ಕೆಳಗಿಳಿದ ಕಾರು, ಮೇಲೇರಿದ ಸಿಟ್ಟು

ನನಗೆ ಸಿಟ್ಟು ಜಾಸ್ತಿ ಅಂತ ನಮ್ಮೂರು ಆನೇಮಹಲ್ ಪೂರ್ತಿ ಹೇಳುತ್ತದೆ. ಹೇಳಲಿ. ಘಟ್ಟದ ಸೀಮೆಯಲ್ಲಿ ರೇಸ್ ಕಾರು ಇಟ್ಟುಕೊಂಡವನಿಗೆ ಸಿಟ್ಟು ಬರಿಸಲು ಯಾರೂ ಕಷ್ಟಪಡಬೇಕಾಗಿಲ್ಲ. ಬೆಳಗ್ಗೆ ಗೇಟು ತೆಗೆದರೆ ಸಾಕು, ಒಂದಲ್ಲ ಒಂದು ಆಗೇ ಆಗುತ್ತದೆ.

ಎರಡು ಸಾವಿರದ ಇಸವಿಯ ಆಚೀಚೆ. ಸಕಲೇಶಪುರದಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ ನಾನು ಬೆಂಗಳೂರಿನಿಂದ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡಲ್ಲಿ ತಂದೆ. ಚೆನ್ನೈ ಕಡೆಯ ರೇಸ್ ಟ್ರ್ಯಾಕಿನಲ್ಲಿ ಆಗಾಗ ‘ಟ್ರ್ಯಾಕ್ ಡೇ’ ಮಾಡುತ್ತಿದ್ದರು. ಅಂದರೆ ನಮ್ಮಂಥವರೂ ಸ್ವಂತ ಕಾರು ತಗೊಂಡು ಹೋಗಿ, ಎದುರಿಗೆ ಬಸ್ಸು ಬರುತ್ತದೆಂಬ ಭಯವಿಲ್ಲದೆ, ಆಸೆ ತೀರುವಷ್ಟು ಜೋರಾಗಿ ಓಡಿಸಬಹುದಾದ ದಿನ. ಅದಕ್ಕೆಂದು ಕಾರಿಗೆ ಒಂದೊಂದೇ ಆಲ್ಟ್ರೇಷನ್ ಮಾಡಿಸುತ್ತ ಹೋದೆ. ಒಂದೊಂದಕ್ಕೂ ಒಂದೊಂದು ಅವಮಾನ.

ಹಂಪ್ಸಿನ ಮೇಲೆ

ಮೊದಲು ಸ್ಪ್ರಿಂಗ್ ಬದಲಾಯಿಸಿ ಕಾರನ್ನು ಕೆಳಗಿಳಿಸಿದೆ. ಕಾರು ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ವಾಲುವುದಿಲ್ಲ. ಇದು ನನಗೆ ಗೊತ್ತಿತ್ತು, ನಮ್ಮೂರಿನ ಹಂಪ್ಸ್ ಹಾಕಿದವನಿಗೆ ಗೊತ್ತಿರಲಿಲ್ಲ. ಮುಂದಿನ ಚಕ್ರ ಹಂಪ್ಸ್ ದಾಟಿತು, ಹಿಂದಿನದು ದಾಟಲಿಲ್ಲ. ಕಾರು ಹೊಟ್ಟೆಯ ಮೇಲೆ ಕೂತುಬಿಟ್ಟಿತು.

ಹಿಂದೆ ಬಸ್ಸು ಬಂದು ನಿಂತು ಒಂದೇ ಸಮ ಹಾರ್ನ್ ಹೊಡೆಯತೊಡಗಿತು. ನಾನು ಇಳಿದು ಹಂಪ್ಸಿಗೆ, ಹಂಪ್ಸ್ ಹಾಕಿದವನಿಗೆ, ಅವನಿಗೆ ಜಲ್ಲಿ ಕೊಟ್ಟವನಿಗೆ ಎಲ್ಲರಿಗೂ ಸೇರಿಸಿ ಬೈದೆ. ಕಂಡಕ್ಟರ್ ಸಾವಧಾನವಾಗಿ ಇಳಿದು ಬಂದು ಬಗ್ಗಿ ನೋಡಿದ. ಬಸ್ಸಿನ ಕಡೆ ತಿರುಗಿ ಸೀಟಿ ಊದಿದ. ಗಂಡಸರೆಲ್ಲ ಇಳಿದು ಬಂದು ‘ಐಸಾ’ ಅಂತ ಕಾರು ಎತ್ತಿದರು. ನನಗೆ ಕಣ್ಣು ತುಂಬಿ ಬಂತು. ಆದರೆ ಅವರು ಎತ್ತಿದ ಕಾರನ್ನು ಹಿಂದಕ್ಕೆ ತಂದು, ರಸ್ತೆ ಪಕ್ಕ ಇಟ್ಟು, ಬಸ್ ಹತ್ತಿದರು.

“ರೀ, ಮುಂದಕ್ಕೆ ಇಡ್ರೀ!” ಅಂತ ಕಿರುಚಿದೆ.

ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಹೇಳಿದ: “ಮುಂದೆ ಇನ್ನೂ ಎರಡು ಹಂಪ್ಸ್ ಐತೆ ಮಾರಾಯ್ರೇ. ಅಲ್ಲಿ ನಿಮ್ಮುನ್ನ ಯಾರು ಎತ್ತಾರೆ?”

ಹೊಂಗಡಹಳ್ಳದ ಸಲಗ

ಆಮೇಲೆ ದೊಡ್ಡ ಬಾಯಿಯ ಸೈಲೆನ್ಸರ್ ಹಾಕಿಸಿದೆ. ಹೆಸರು ಸೈಲೆನ್ಸರ್ ಅಷ್ಟೆ. ಅದರ ಖ್ಯಾತಿ ಕೇಳಿ ಹೊಂಗಡಹಳ್ಳದ ಕಾಫಿ ಬೆಳೆಗಾರರೊಬ್ಬರು ಬೆಳಗ್ಗೆಯೇ ಅಂಗಡಿಗೆ ಬಂದರು.

“ತೋಟದಲ್ಲಿ ಒಂಟಿ ಸಲಗ ನಿಂತ್‌ಬುಟ್ಟೈತೆ. ಆಳುಗಳು ಲೈನ್ ಮನೆ ಬಿಟ್ಟು ಈಚೆ ಬರ್ತಿಲ್ಲ. ಪಟಾಕಿಗೂ ಜಗ್ಗಲ್ಲ ಅಂತದೆ. ನಿಮ್ ಕಾರು ತಂದು ಒಂದ್ಸಲ ಗುರ್ ಅನ್ಸಿ.”

ನನಗೆ ಮೈಯೆಲ್ಲ ಉರಿಯಿತು. “ಇದು ಇಂಜಿನ್ ಪವರಿಗೆ ಹಾಕ್ಸಿರೋದು ಕಣ್ರೀ, ಆನೆ ಓಡ್ಸೋಕಲ್ಲ!”

“ಪವರ್ ಇದ್ರೆ ಓಡ್ಬೇಕಲ್ಲ ಮತ್ತೆ?” ಅಂದರು.

ಈ ಮಾತಿಗೇ ಹಟ ಬಂದು ಹೋದೆ. ಸಲಗ ರಸ್ತೆಯ ಬದಿಗೇ, ಸಿಲ್ವರ್ ಮರದ ಕೆಳಗೆ ನಿಂತಿತ್ತು. ಆಳುಗಳ ಲೈನ್ ಮನೆಗಳ ಮುಂದೆ ಜನ ಸಾಲಾಗಿ ನಿಂತು ನೋಡುತ್ತಿದ್ದರು. ನಾನು ಆಕ್ಸಿಲೇಟರ್ ತುಳಿದೆ. ಕಾರು ಗುಡ್ಡ ಅದುರುವಂತೆ ಗರ್ಜಿಸಿತು. ಆನೆ ಕಿವಿ ಅಗಲಿಸಿತು. ತಿರುಗಿತು. ಆದರೆ ನನ್ನ ಕಡೆಗೆ! ತನ್ನನ್ನು ಯಾರೋ ಜಗಳಕ್ಕೆ ಕರೆದರು ಅಂತ ಅದಕ್ಕೆ ಅನ್ನಿಸಿರಬೇಕು. ಗಾಡಿ ತಿರುಗಿಸಲು ಜಾಗವಿಲ್ಲ. ಬಂದ ದಾರಿಯಲ್ಲೇ ಹಿಂದುಹಿಂದಕ್ಕೆ, ಕಾಫಿ ಒಣಗಿಸುವ ಕಣದವರೆಗೂ ಬಿಟ್ಟೆ. ಆನೆ ಅರ್ಧ ದಾರಿಗೇ ಬೇಸತ್ತು ಹಳ್ಳದ ಕಡೆ ಇಳಿದು ಹೋಯಿತು.

ನಾನು ಬೈಯುತ್ತ ಇಳಿದರೆ ಕಣದಲ್ಲಿ ನಿಂತಿದ್ದ ಬೆಳೆಗಾರರು ನನ್ನ ಬೆನ್ನು ತಟ್ಟಿದರು: “ಬಲೇ ಗಾಡಿ ಮಾರಾಯ್ರೇ! ರಿವರ್ಸಲ್ಲೇ ಇಷ್ಟು ಸ್ಪೀಡು. ಮುಂದಕ್ಕೂ ಹೋಗ್ತದಾ?”

ಹಿಂದಿನ ಸೀಟು

ಭಾರ ಕಡಿಮೆಯಾಗಲಿ ಅಂತ ಹಿಂದಿನ ಸೀಟು ಕಿತ್ತೆ. ಅದೇ ವಾರ ಆಲೂರಿನಲ್ಲಿ ಮದುವೆ. “ಹಿಂದೆ ಜಾಗ ಖಾಲಿ ಐತಲ್ಲ” ಅಂತ ನನ್ನ ಹೆಂಡತಿ ತನ್ನ ಇಬ್ಬರು ದೊಡ್ಡಮ್ಮಂದಿರನ್ನು ಚಾಪೆ ಹಾಸಿ ಅಲ್ಲಿ ಕೂರಿಸಿದಳು. ಎಡ ತಿರುವಿಗೆ ಇಬ್ಬರೂ ಬಲಕ್ಕೆ ಜಾರಿದರು, ಬಲ ತಿರುವಿಗೆ ಎಡಕ್ಕೆ. ದಾರಿಯುದ್ದಕ್ಕೂ ದೇವರ ಹೆಸರು, ನಡುನಡುವೆ ನನ್ನ ಹೆಸರು.

ಛತ್ರದ ಮುಂದೆ ಇಳಿದ ದೊಡ್ಡಮ್ಮಂದಿರಲ್ಲಿ ಒಬ್ಬರು ಸೊಂಟ ಹಿಡಿದುಕೊಂಡು, “ನಾವೂ ಎತ್ತಿನ ಗಾಡೀಲಿ ಓಡಾಡಿದೋರೇ ಕಣಪ್ಪ. ಅದ್ರಲ್ಲಿ ಹುಲ್ಲಾದ್ರೂ ಹಾಸಿರ್ತಿದ್ರು” ಅಂದರು.

“ಇದು ರೇಸ್ ಕಾರು ದೊಡ್ಡಮ್ಮ!” ಅಂತ ಅಲ್ಲೇ ಕೂಗಾಡಿದೆ. ಅವರು ಊಟಕ್ಕೆ ಹೋದರು. ನಾನು ಊಟ ಮುಗಿಸಿ ಬಂದು ನೋಡುತ್ತೇನೆ, ಕಾರಿನೊಳಗೆ, ಹಿಂದೆ, ಮೊಣಕಾಲುದ್ದ ಹುಲ್ಲು. ಅದರ ಮೇಲೆ ದೊಡ್ಡಮ್ಮಂದಿರು ಹಾಯಾಗಿ ಕಾಲು ಚಾಚಿ ಕೂತಿದ್ದಾರೆ. ಛತ್ರದ ಹಸುವೊಂದು ಬಾಗಿಲಲ್ಲಿ ತಲೆ ಹಾಕಿ ಮೇಯುತ್ತಿದೆ.

ಕೆಂಪು ಬಾವುಟ

ಕೊನೆಗೂ ಟ್ರ್ಯಾಕ್ ಡೇ ಬಂತು. ರೈಲ್ವೆಯಲ್ಲಿ ಗಾರ್ಡಾಗಿ ರಿಟೈರಾಗಿದ್ದ ನನ್ನ ಮಾವ ತಾವೂ ಬರುತ್ತೇನೆಂದು ಹೊರಟರು. ಅಲ್ಲಿ ಕಾರುಗಳಿಗೆ ಸನ್ನೆ ಕೊಡುವ ಬಾವುಟಗಳನ್ನು ನೋಡಿದ್ದೇ ತಡ, ಅವರ ಮುಖಕ್ಕೆ ಹತ್ತು ವರ್ಷ ಕಡಿಮೆಯಾದ ಕಳೆ ಬಂತು. ಕೆಂಪು ಎತ್ತಿದರೆ ಎಲ್ಲ ಕಾರೂ ನಿಲ್ಲಬೇಕು ಅನ್ನುವ ನಿಯಮ ಕೇಳಿ, “ನಮ್ಮಲ್ಲೂ ಹಂಗೇ” ಅಂದರು. ತಿರುವಿನಲ್ಲಿ ನಿಂತಿದ್ದ ಬಾವುಟದವನ ಜತೆ ತಮ್ಮ ರೈಲ್ವೆ ತಮಿಳಿನಲ್ಲಿ ಸ್ನೇಹ ಬೆಳೆಸಿದರು.

ನನ್ನ ಗುರಿ ಒಂದೇ: ಬೆಂಗಳೂರಿನ ಒಂದು ಬಿಳಿ ಕಾರು. ಅದರ ಯಜಮಾನ ಬೆಳಗ್ಗೆ ನನ್ನ ಊರು ಕೇಳಿ, ಗಾಡಿ ನೋಡಿ, “ಇದ್ರಲ್ಲಿ ಕಾಫಿ ಮೂಟೆ ಹೊರ್ತೀರಾ?” ಅಂತ ಎಲ್ಲರೆದುರು ನಕ್ಕಿದ್ದ. ಮಧ್ಯಾಹ್ನದವರೆಗೆ ಅವನ ಹೊಗೆ ಕುಡಿದೆ. ಕೊನೆಯ ಸುತ್ತಿನಲ್ಲಿ, ದೇವರು ದೊಡ್ಡವನು, ಅವನ ಬಾಲಕ್ಕೆ ಅಂಟಿಕೊಂಡೆ. ತಿರುವು ಮುಗಿದರೆ ನೇರ ದಾರಿ, ಅಲ್ಲಿ ದಾಟಿಬಿಡುತ್ತೇನೆ. ದಾಟಿಯೇಬಿಟ್ಟೆ ಅನ್ನುವಷ್ಟರಲ್ಲಿ ಕಣ್ಣೆದುರು ಕೆಂಪು ಬಾವುಟ ಹಾರಿತು. ಎಲ್ಲ ಕಾರುಗಳೂ ನಿಂತವು.

ಬಾವುಟ ಹಿಡಿದಿದ್ದವರು ನನ್ನ ಮಾವ. ಬಾವುಟದವನು ನೀರು ಕುಡಿಯಲು ಹೋಗಿದ್ದನಂತೆ.

ಕಾರು ಪಕ್ಕಕ್ಕೆ ಹಾಕಿ ಹೆಲ್ಮೆಟ್ ಕಿತ್ತುಕೊಂಡು ಓಡಿದೆ. “ಯಾಕ್ ಮಾವ? ಏನಾಗಿತ್ತು? ಯಾರ್ ಸತ್ರು?”

“ಒಂದೇ ಲೈನಲ್ಲಿ ಎರಡು ಗಾಡಿ ಅಷ್ಟು ಹತ್ರ ಬರೋದು ಅಂದ್ರೇನು ಅಳಿಯಂದ್ರೇ? ನನ್ ಸರ್ವೀಸಲ್ಲಿ ಒಂದೂ ಡಿಕ್ಕಿ ಆಗಿಲ್ಲ. ಮಗಳ ಗಂಡನ್ ಗಾಡೀಲಿ ಆಗೋಕೆ ಬಿಡ್ತೀನಾ?”

ಅಷ್ಟರಲ್ಲಿ ಬಾವುಟದವನು ಓಡೋಡಿ ಬಂದು ಹಸಿರು ಬೀಸಿದ. ಬಿಳಿ ಕಾರಿನವನು ನನಗೆ ಕೈ ಬೀಸಿ, ಎಲ್ಲರಿಗಿಂತ ಮೊದಲು ಹೊರಟ. ತಡೆಯಲಾರದೆ ಹೆಲ್ಮೆಟ್ಟನ್ನು ಬಲವಾಗಿ ನೆಲಕ್ಕೆ ಕುಕ್ಕಿದೆ. ಅದು ಪುಟಿದು, ಉರುಳಿ ಉರುಳಿ, ಟ್ರ್ಯಾಕಿನ ನಟ್ಟನಡುವೆ ಹೋಗಿ ನಿಂತಿತು.

ಮಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎದೆ ಸೆಟೆಸಿ, ಮತ್ತೆ ಕೆಂಪು ಬಾವುಟ ಎತ್ತಿದರು.