ಕರೆಂಟು ಕೇಳಲು ಹೋದದ್ದು

ಸಿಂಚನಾ, ಪೃಥ್ವಿ, ಅಜ್ಜಿಯ ಒಂದು ಗುಣ ಮಾತ್ರ ನಿಮ್ಮಿಬ್ಬರಿಗೂ ಬರದಿರಲಿ ಎಂದು ನನ್ನ ಆಸೆ. ಅದು ಬಾಯಿಬಿಟ್ಟು ಕೇಳಲಾರದ ಗುಣ. ಸಾಗರದ ನಿಮ್ಮ ಮನೆಯಲ್ಲಿ ನೀವಿಬ್ಬರೂ ಅದು ಬೇಕು ಇದು ಬೇಕು ಎಂದು ಸೂರು ಹಾರಿಹೋಗುವ ಹಾಗೆ ಕೂಗುವಾಗ ನಿಮ್ಮಮ್ಮ ಬೈಯುತ್ತಾಳೆ. ನಾನು ಒಳಗೊಳಗೇ ಸಮಾಧಾನ ಪಡುತ್ತೇನೆ, ಕೇಳಲಾರದವರ ಪಾಡು ನನಗೆ ಗೊತ್ತು. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದ ನಾನು ಒಂದು ದಿನವೂ ಮೇಷ್ಟ್ರ ಹತ್ತಿರ ನೀರು ಕುಡಿದು ಬರಲೇ ಎಂದು ಕೇಳಿದವಳಲ್ಲ. ಮದುವೆಯಾದ ಮೇಲೆ ಕೇಳುವ ಕೆಲಸವನ್ನೆಲ್ಲ ನಿಮ್ಮ ಅಜ್ಜ ವಹಿಸಿಕೊಂಡರು. ಬಸ್ಸಿನಲ್ಲಿ ಟಿಕೆಟ್ಟು, ಅಂಗಡಿಯಲ್ಲಿ ನನ್ನ ಸೀರೆಯ ಬಣ್ಣ, ಎಲ್ಲ ಅವರದೇ ಬಾಯಿ. "ನೋವು ಎಲ್ಲಮ್ಮಾ?" ಎಂದು ಡಾಕ್ಟರು ನನ್ನನ್ನು ಕೇಳಿದರೆ ನಾನು ಅಜ್ಜನ ಮುಖ ನೋಡುತ್ತಿದ್ದೆ, ಅವರು ತಮ್ಮ ಮಂಡಿ ಮುಟ್ಟಿ ತೋರಿಸುತ್ತಿದ್ದರು. ಒಂದು ಸಲವಂತೂ ಡಾಕ್ಟರು ಅವರಿಗೇ ಸೂಜಿ ಚುಚ್ಚಲು ಹೊರಟಿದ್ದರು. ಅಜ್ಜ ತೀರಿಕೊಂಡ ಮೇಲೆ ಬೇಕಾದದ್ದನ್ನು ಕೇಳುವುದಕ್ಕಿಂತ ಬೇಡ ಅಂದುಕೊಳ್ಳುವುದೇ ಸುಲಭ ಎಂದು ಕಲಿತುಕೊಂಡೆ. ಹಾಗೇ ಸಾಗಿಬಿಡುತ್ತಿತ್ತು, ನಿಮ್ಮ ರಘು ಮಾವ ಕರೆಂಟಿನ ಕಾರು ತರದೇ ಇದ್ದಿದ್ದರೆ.

ಮಾವನ ಕೆಲಸ ನಿಮಗೆ ಗೊತ್ತೇ ಇದೆ. ಹೊಸನಗರದ ಸುತ್ತಮುತ್ತ ಯಾರ ಮದುವೆಯಾದರೂ ಮೈಕು, ಸೀರಿಯಲ್ ದೀಪ ಅವನದೇ. ಊರಿನವರ ಮದುವೆಗೆಲ್ಲ ದೀಪ ಹಾಕಿದವನಿಗೆ ತನ್ನ ಮದುವೆಗೆ ಹಾಕಿಕೊಳ್ಳುವ ಯೋಗ ಬಂದಿರಲಿಲ್ಲ. ಈಗ ನಮ್ಮ ಕಡೆ ಹಳ್ಳಿಯಲ್ಲಿರುವ ಹುಡುಗರಿಗೆ ಹೆಣ್ಣು ಸಿಗುವುದು ಕಷ್ಟ. ಹೋದ ಮನೆಯಲ್ಲೆಲ್ಲ ಟೀ ಕುಡಿದು, ಕೋಡುಬಳೆ ತಿಂದು, "ತಿಳಿಸ್ತೀವಿ" ಅನ್ನಿಸಿಕೊಂಡು ಬಂದದ್ದೇ ಆಯಿತು. ಕೊನೆಗೆ ಒಂದು ದಿನ ಅವನು ನನ್ನನ್ನು ದೇವರ ಮುಂದೆ ನಿಲ್ಲಿಸಿ, "ಅಮ್ಮ, ಇನ್ನು ಹೆಣ್ಣು ನೋಡಕ್ಕೆ ಅಂತ ನನ್ನನ್ನ ಯಾರ ಮನೆಗೂ ಕರ್ಕಂಡು ಹೋಗಬೇಡ. ಆಣೆ ಹಾಕು" ಅಂದ. ನಾನು ಹಾಕಿದೆ. ಆಮೇಲೇ ಅವನು ಈ ಕಾರು ತಂದದ್ದು. ಶಬ್ದ ಇಲ್ಲ, ಹೊಗೆ ಇಲ್ಲ, ಒಳ್ಳೆ ಹಸುವಿನಂಥ ಕಾರು. ಆದರೆ ಚಳಿಗಾಲ ಬಂತೆಂದರೆ ಎಮ್ಮೆ ಹಾಲು ಕಮ್ಮಿ ಮಾಡಿದ ಹಾಗೆ ಇದೂ ಮಾಡುತ್ತದೆ. ರಾತ್ರಿ ಹೊಟ್ಟೆ ತುಂಬಿಸಿದ್ದೇವೆ ಅಂದುಕೊಂಡಿರುತ್ತೇವೆ, ಬೆಳಿಗ್ಗೆ ಮಂಜಿನಲ್ಲಿ ಎರಡು ಏರು ಹತ್ತುವುದರೊಳಗೆ ಪರದೆಯ ಮೇಲಿನ ಅಂಕಿ ಸರಸರ ಇಳಿಯುತ್ತದೆ.

ಹೋದ ಮಾಗಿಯಲ್ಲಿ ಮೇಳಿಗೆಯ ನನ್ನ ತಂಗಿಯ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಹಿಂದಿನ ರಾತ್ರಿ ಕರೆಂಟು ಹೋಗಿ ಕಾರು ಅರೆಹೊಟ್ಟೆಯಲ್ಲೇ ಹೊರಟಿತು. ಚಳಿಗೆ ನನ್ನ ಹಲ್ಲು ಕಟಕಟ ಅನ್ನುವುದನ್ನು ಕೇಳಲಾರದೆ ಮಾವ ಹೀಟರು ಹಾಕಿದ. ಬೇಡ ಅನ್ನಬೇಕಿತ್ತು, ಬಾಯಿ ಬರಲಿಲ್ಲ. ತೀರ್ಥಹಳ್ಳಿ ಇನ್ನೂ ದೂರವಿರುವಾಗಲೇ ಪರದೆ ಕೆಂಪಗಾಯಿತು. "ಪೇಟೆ ಮುಟ್ಟಲ್ಲ ಅಮ್ಮ. ಯಾವುದಾದ್ರೂ ಮನೇಲಿ ಕೇಳಿ ಚಾರ್ಜು ಹಾಕಿಸ್ಕೊಬೇಕು. ಕೇಬಲ್ ಇದೆ ನನ್ನ ಹತ್ರ. ನೀನು ಹೋಗಿ ಕೇಳು, ಹೆಂಗಸರು ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ" ಅಂದ. ರಸ್ತೆ ಬದಿಯಲ್ಲಿ ದೊಡ್ಡ ಗೇಟಿನ ಒಂದು ಮನೆ ಕಂಡಿತು. "ಈ ಮನೆ ಹತ್ರ ನಿಲ್ಸು" ಎಂದವಳು ನಾನೇ.

ಮಕ್ಕಳೇ, ಬಾಯಾರಿದೆ, ನೀರು ಕೊಡಿ ಎಂದು ಯಾರ ಮನೆಯಲ್ಲಾದರೂ ಕೇಳಬಹುದು. ಕರೆಂಟು ಕೊಡಿ ಎಂದು ಹೇಗೆ ಕೇಳುವುದು? ಗುರುತಿಲ್ಲದ ಮನೆಯ ಅಂಗಳದಲ್ಲಿ ಹೊಸ ಸೀರೆ ಉಟ್ಟು ನಿಂತು ನಾನು ಅದನ್ನೇ ಯೋಚಿಸುತ್ತಿದ್ದೆ. ಮನೆಯಾಕೆ ಲಲಿತಮ್ಮ ಹೊರಗೆ ಬಂದರು. "ಬನ್ನಿ ಬನ್ನಿ. ಯಾರು ಅಂತ ಗೊತ್ತಾಗ್ಲಿಲ್ಲ."

"ಹೊಸನಗರದ ಕಡೆಯವರು. ಹಿಂಗೇ ದಾರೀಲಿ ಹೋಗ್ತಿದ್ವಿ..." ಅಂದೆ.

ನಮ್ಮ ಕಡೆಯ ಪದ್ಧತಿ ನಿಮಗೆ ಹೇಳಬೇಕು. ಹೆಣ್ಣು ಕೇಳುವವರು ಮೊದಲ ಸಲ ಬರುವಾಗ ಹೆಣ್ಣು ಕೇಳಲು ಬಂದೆವು ಅನ್ನುವುದಿಲ್ಲ. ಹಿರಿಯ ಹೆಂಗಸೊಬ್ಬಳು ಹುಡುಗನನ್ನು ಕರೆದುಕೊಂಡು ಹೋಗಿ, "ಹಿಂಗೇ ದಾರೀಲಿ ಹೋಗ್ತಿದ್ವಿ" ಅನ್ನುತ್ತಾಳೆ. ಒಪ್ಪಿಗೆ ಆಗದಿದ್ದರೂ ಯಾರಿಗೂ ಮುಖಭಂಗ ಆಗಬಾರದು ಎಂದು ಹೀಗೆ. ಅಷ್ಟೊಂದು ಸಲ ಆ ಮಾತು ಹೇಳಿದ್ದ ನನ್ನ ನಾಲಿಗೆಗೆ ಬೇರೆ ಮಾತು ಬರಲೇ ಇಲ್ಲ.

ಲಲಿತಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಬ್ರೇ ಬಂದ್ರಾ?"

"ಮಗ ಇದ್ದಾನೆ, ಕಾರ್ ಹತ್ರ."

"ಮದುವೆ ಆಗಿದ್ಯಾ?"

"ಇಲ್ಲ."

"ಹೂಂ" ಎಂದು ಅವರು ಒಳಗೆ ತಿರುಗಿ, "ವಸುಧಾ, ಟೀ ಇಡು" ಎಂದು ಕೂಗಿದರು. ಮಾವನನ್ನೂ ಕರೆಸಿ ಜಗಲಿಯಲ್ಲಿ ಕೂರಿಸಿದರು. ನಾನು ಕೇಳಿಯಾಗಿದೆ ಎಂದು ಅವನು ನೆಮ್ಮದಿಯಿಂದ ಕೂತ. ನಾನು ಗೋಡೆಯಲ್ಲಿ ದೊಡ್ಡ ಪ್ಲಗ್ಗು ಎಲ್ಲಿದೆ ಎಂದು ಹುಡುಕುತ್ತ ಕೂತೆ. ಕೊನೆಗೆ ಧೈರ್ಯ ಮಾಡಿ, "ನಿಮ್ಮಲ್ಲಿ ಕರೆಂಟು ಸರಿಯಾಗಿ ಇರುತ್ತಾ?" ಅಂದೆ.

"ಯಾಕೆ ಇರಲ್ಲ? ಹೋದ್ರೆ ಯುಪಿಎಸ್ ಇದೆ. ನಮ್ಮ ಹುಡುಗಿ ಕತ್ತಲಲ್ಲಿ ಬೆಳೆದವಳಲ್ಲ" ಎಂದರು ಲಲಿತಮ್ಮ, ಸ್ವಲ್ಪ ಚುರುಕಾಗಿಯೇ. ಮಗಳು ವಸುಧಾ ಟೀ ತಂದಳು. ತೀರ್ಥಹಳ್ಳಿಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸವಂತೆ. ಅವಳು ಮಾವನ ಮುಖ ನೇರವಾಗಿ ನೋಡಿದಳು, ಯಾವ ನರಕ್ಕೆ ಚುಚ್ಚಲಿ ಎಂದು ನೋಡುವ ಹಾಗೆ. ಆಗ ಮನೆಯ ಯಜಮಾನರು ಗಂಟಲು ಸರಿಮಾಡಿಕೊಂಡರು. "ನೋಡಿ ಅಮ್ಮ, ಬೇಜಾರ್ ಮಾಡ್ಕೋಬೇಡಿ. ನಮ್ಮ ಹುಡುಗಿ ಸದ್ಯಕ್ಕೆ ಮದುವೆ ಬೇಡ ಅಂತಿದ್ದಾಳೆ."

ಕೇಳದೇ ಇದ್ದದ್ದಕ್ಕೆ ಇಲ್ಲ ಅನ್ನಿಸಿಕೊಂಡವಳು ಈ ಮೂರು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮಾವನ ಮುಖ ಬಿಳಿಚಿಕೊಂಡಿತು. ಅರ್ಧ ಕುಡಿದ ಲೋಟ ಕೆಳಗಿಟ್ಟು, ಕೈಮುಗಿದು, "ಬರ್ತೀವಿ" ಎಂದು ಹೊರಗೆ ನಡೆದುಬಿಟ್ಟ. ನಾನು ಸೆರಗು ಸುತ್ತಿಕೊಂಡು ಹಿಂದೆ ಓಡಿದೆ.

"ಆಣೆ ಹಾಕಿದ್ದೆ ನೀನು."

"ಇಲ್ಲ ಕಣೋ, ನಾನು ಎಂಥದ್ದೂ ಕೇಳಿಲ್ಲ."

"ಕೇಳದೇನೇ ಅವ್ರು ಇಲ್ಲ ಅಂದ್ರಾ? ಇದೇ ಮನೆ ಹತ್ರ ನಿಲ್ಸು ಅಂದವಳು ನೀನಲ್ವಾ?" ಎಂದು ಕಾರಿನ ಬಾಗಿಲು ತೆಗೆದ. "ಹತ್ತು. ಎಲ್ಲಿ ತನಕ ಹೋಗುತ್ತೋ ಹೋಗ್ಲಿ. ನಿಂತಲ್ಲಿ ನಿಲ್ತೀವಿ. ಇಲ್ಲಿ ಮಾತ್ರ ಬೇಡ."

ಅವನ ಕಣ್ಣಲ್ಲಿ ನೀರಿತ್ತು. ಅವನು ಚಿಕ್ಕವನಿದ್ದಾಗ ಬಿದ್ದು ಮಂಡಿ ಒಡೆದುಕೊಂಡಾಗಲೂ ಅತ್ತವನಲ್ಲ. ನನ್ನ ನಾಚಿಕೆ ನನ್ನ ಮಗನ ಮಾನ ಕಳೆದಿತ್ತು. ನಾನು ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದ ದನಿಯೆಲ್ಲ ಆಗ ಒಟ್ಟಿಗೆ ಬಂತು. ಜಗಲಿಯ ಕಡೆ ತಿರುಗಿ, "ನಮಗೆ ನಿಮ್ಮ ಹುಡುಗಿ ಬೇಡ! ಕರೆಂಟು ಬೇಕು!" ಎಂದು ಕೂಗಿಬಿಟ್ಟೆ.

ಹುಡುಗಿ ಇರುವ ಮನೆಯ ಅಂಗಳದಲ್ಲಿ ಕೂಗುವ ಮಾತೇ ಅದು? ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೊದಲು ನಕ್ಕವಳು ವಸುಧಾ. ಕಂಬ ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕಳು. "ಅದಕ್ಕಾ ನೀವು ಗೋಡೆನೆಲ್ಲ ನೋಡಿದ್ದು? ಅಮ್ಮ ಒಳಗೆ ಬಂದು, ಸುಣ್ಣ ಬಣ್ಣ ಎಲ್ಲ ಅಳೀತಿದ್ದಾರೆ, ಭಾರೀ ಜಂಬದವರು ಅಂದ್ಲು!" ಲಲಿತಮ್ಮ ಕೆಂಪಾದರು. ಯಜಮಾನರು ಎಲ್ಲೂ ನೋಡಲಾರದೆ ಆಕಾಶ ನೋಡಿದರು.

ಅಡಿಕೆ ಸುಲಿಯುವ ಮಷೀನಿನ ಪ್ಲಗ್ಗಿಗೆ ಕೇಬಲ್ ಹಾಕಿದ್ದಾಯಿತು. ಆದರೆ ಕಾರಿನ ಹೊಟ್ಟೆ ತುಂಬುವುದೆಂದರೆ ಪೆಟ್ರೋಲು ಸುರಿದ ಹಾಗಲ್ಲ, ಮಧ್ಯಾಹ್ನ ದಾಟಬೇಕು. ಇಲ್ಲ ಅನ್ನಿಸಿಕೊಂಡ ಮನೆಯಲ್ಲೇ ಅಷ್ಟು ಹೊತ್ತೂ ಮುಖ ಎಲ್ಲಿಡುವುದು? ನಡುವೆ ಕರೆಂಟು ಬೇರೆ ಹೋಯಿತು. ಲಲಿತಮ್ಮ ಎಲೆ ಹಾಕಿ, "ಏಳಿ, ಕಡುಬು, ಕೋಳಿಸಾರು ಇದೆ. ಹೆಣ್ಣು ಕೇಳಕ್ಕೆ ಬಂದವರಾಗಿದ್ರೆ ಟೀ ಕೊಟ್ಟು ಕಳಿಸ್ತಿದ್ವಿ" ಎಂದರು. ಅದೂ ನಮ್ಮ ಕಡೆಯ ರೂಢಿಯೇ. ಹೆಣ್ಣು ಕೇಳಲು ಹೋದ ಮನೆಯಲ್ಲಿ ಮಾತು ನಿಶ್ಚಯವಾಗುವ ತನಕ ಊಟ ಮಾಡಬಾರದು, ಟೀ ಅಷ್ಟೇ. ನಾವು ಕೇಳಲು ಬಂದವರಲ್ಲ ಎಂದು ಸಾಬೀತು ಮಾಡಲು ನಾನು ತಲೆ ತಗ್ಗಿಸಿ ಹೊಟ್ಟೆ ಬಿರಿಯುವಷ್ಟು ತಿಂದೆ. ಪ್ಲಗ್ಗು ಬಿಸಿಯಾಗಿದೆಯಾ ಎಂದು ನೋಡಲು ವಸುಧಾ ಹೋಗುತ್ತಿದ್ದಳು, ಅವಳು ಸರಿಯಾಗಿ ನೋಡಿದಳಾ ಎಂದು ನೋಡಲು ಮಾವ ಹೋಗುತ್ತಿದ್ದ. ಮೇಳಿಗೆಯಲ್ಲಿ ಮಗುವಿಗೆ ನಮ್ಮನ್ನು ಬಿಟ್ಟೇ ಹೆಸರಿಟ್ಟರು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಮೊನ್ನೆ ಮತ್ತೆ ಮೇಳಿಗೆಗೆ ಹೊರಟಿದ್ದೆವು. ಆ ಗೇಟು ಬಂದದ್ದೇ ಕಾರು ನಿಧಾನವಾಯಿತು. "ಚಾರ್ಜು ಸಾಲಲ್ಲ ಅನ್ಸುತ್ತೆ ಅಮ್ಮ" ಅಂದ ಮಾವ. ಪರದೆಯ ಮೇಲಿನ ಅಂಕಿ ಹಸಿರಾಗಿ ಹೊಳೆಯುತ್ತಿತ್ತು. ನಾನು ಅದನ್ನು ನೋಡದವಳ ಹಾಗೆ ಇಳಿದು ಗೇಟು ತೆಗೆದೆ. ಲಲಿತಮ್ಮ ನಗುನಗುತ್ತ ಎಲೆ ಹಾಕಿದರು. ಹೋದ ಸಲದ ಅಭ್ಯಾಸ ನೋಡಿ, ನಾನು ಕೂತು ಕಡುಬು ಮುರಿದೂ ಬಿಟ್ಟಿದ್ದೆ. ಆಗ ಜಗಲಿಯಿಂದ ಮಾವನ ದನಿ ಕೇಳಿಸಿತು. "ನಂಗೆ ಊಟ ಬೇಡ ಅಮ್ಮ. ಇವತ್ತು ಟೀ ಸಾಕು."

ಲಲಿತಮ್ಮನ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು. ಒಳಗೆ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು. ನನ್ನ ಬಾಯಿತುಂಬ ಕಡುಬು. ನುಂಗಿದರೆ ರೂಢಿ ಮುರಿದ ಹಾಗೆ, ಉಗುಳಿದರೆ ಮರ್ಯಾದೆ ಇಲ್ಲ.

ಈಗ ಹೆಣ್ಣು ಕೇಳುವ ಸರದಿ ನನ್ನದು. ಮಾವ ಫೋನನ್ನು ತಂದು ನನ್ನ ಮುಂದೆ ಇಟ್ಟು ಹೋಗುತ್ತಾನೆ. ಲಲಿತಮ್ಮನಿಗೆ ಎರಡು ಸಲ ಫೋನು ಮಾಡಿದೆ. ಎರಡು ಸಲವೂ "ನಿಮ್ಮಲ್ಲಿ ಚಳಿ ಹೇಗಿದೆ?" ಎಂದು ಕೇಳಿ ಇಟ್ಟುಬಿಟ್ಟೆ. ಅವರೂ ಚಳಿಯ ವಿಷಯ ಹೇಳಿ, ಇನ್ನೇನಾದರೂ ಕೇಳುತ್ತೇನೋ ಎಂದು ಕಾದರು. ಆದ್ದರಿಂದ ಮಕ್ಕಳೇ, ಈ ಹಾಳೆಗಳನ್ನು ನಿಮ್ಮ ಶಾಲೆಯ ಚೀಲದಲ್ಲಿ ಮಡಚಿ ಹಾಕಬೇಡಿ, ಒದ್ದೆಯಾಗದ ಕಡೆ ಜೋಪಾನವಾಗಿ ಇಡಿ. ನನ್ನ ಬಾಯಿ ಬರುವುದರೊಳಗೆ ರಜೆ ಬಂದರೆ ನೀವೇ ಇದನ್ನು ಆ ಮನೆಗೆ ತೆಗೆದುಕೊಂಡು ಹೋಗಿ, ನಿಮ್ಮ ದೊಡ್ಡ ದನಿಯಲ್ಲಿ ಲಲಿತಮ್ಮನಿಗೆ ಓದಿ ಹೇಳುವಿರಂತೆ.