ಚಿಕ್ಕಮ್ಮನ ಕ್ಯಾಮೆರಾಕ್ಕೆ ಸಿಕ್ಕ ಕಾಲುಗಳು

ರಾಯಚೂರಿನಲ್ಲಿ ನನ್ನ ಮುಖ ನೋಡಿ ಗುರುತು ಹಿಡಿಯುವವರು ಹತ್ತು ಮಂದಿ ಇದ್ದರೆ ಹೆಚ್ಚು. ಆದರೆ ನನ್ನ ಪಾದಗಳಿಗೆ ಸಾವಿರಾರು ಅಭಿಮಾನಿಗಳಿದ್ದಾರೆ! ನಗಬೇಡಿ. ಇದಕ್ಕೆಲ್ಲ ಕಾರಣ ಮಾನ್ವಿಯಲ್ಲಿರುವ ನಮ್ಮ ಚಿಕ್ಕಮ್ಮ.

ಎಳವೆಯಲ್ಲೇ ಪೋಲಿಯೊ ಬಂದು ಅವಳ ಎರಡೂ ಕಾಲುಗಳು ಸೋತವು. ಮನೆಯೊಳಗೆ ಅಂಗೈ ಊರಿ ಸರಿದಾಡುತ್ತಾಳೆ. ಸರಿದಾಡುವುದೆಂದರೆ ನಿಧಾನ ಎಂದುಕೊಂಡಿರಾ? ಹಾಲು ಉಕ್ಕಿತೆಂದು ನಾನು ಎದ್ದು ನಿಲ್ಲುವಷ್ಟರಲ್ಲಿ ಅವಳು ಒಲೆ ಆರಿಸಿ ವಾಪಸು ಬಂದಿರುತ್ತಾಳೆ. ಹೊಟ್ಟೆಪಾಡಿಗೆ ಅವಳದೊಂದು ಅಡುಗೆಯ ಯೂಟ್ಯೂಬ್ ಚಾನೆಲ್ಲಿದೆ; ಆಗಾಗ ಹೋಗಿ ನೋಡುಗರು ಬರೆದದ್ದನ್ನು ಅವಳಿಗೆ ಓದಿ ಹೇಳುವುದು ನನ್ನ ಕೆಲಸ. ಹಿಟ್ಟಿನ ಡಬ್ಬಿಗೆ ಮೊಬೈಲು ಒರಗಿಸಿ, ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಾಳೆ. ಹೀಗಾಗಿ ಆ ಮನೆಯಲ್ಲಿ ನಿಂತವರೆಲ್ಲ ಜಗತ್ತಿಗೆ ಮೊಣಕಾಲಿನವರೆಗೆ ಮಾತ್ರ ಕಾಣುತ್ತಾರೆ!

"ಸ್ವಲ್ಪ ಎತ್ತರಕ್ಕಿಡು ಚಿಕ್ಕಮ್ಮಾ, ಮುಖವೂ ಕಾಣಲಿ" ಎಂದೆ ಒಮ್ಮೆ.

"ಮಾರಿ ಕಾಣಬೇಕಂದ್ರ ಕುಂದ್ರೋ. ನಿಂತವ್ರ ಮಾರಿ ನನಗ ಕಾಣಂಗಿಲ್ಲ, ಕ್ಯಾಮೆರಾಕ್ಕ ಯಾಕ ಕಾಣಬೇಕು?"

ಮೊನ್ನೆ ರಾಯಚೂರಿನ ಬಸ್ಸಿನಲ್ಲಿ ಎದುರಿಗೆ ಕೂತ ಹೆಂಗಸೊಬ್ಬರು ನನ್ನ ಪಾದಗಳನ್ನೇ ದಿಟ್ಟಿಸುತ್ತಿದ್ದರು. ಕಡೆಗೆ ತಡೆಯಲಾರದೆ, "ಸಜ್ಜಿ ರೊಟ್ಟಿ ವಿಡಿಯೋದಾಗ ನೀರಿನ ಚರಿಗಿ ಒದ್ದವ್ರು ನೀವ ಅಲ್ರೀ?" ಎಂದುಬಿಟ್ಟರು. ಇಡೀ ಬಸ್ಸು ಬಗ್ಗಿ ನೋಡಿತು.

ಈ ಚಾನೆಲ್ಲಿಗೆ ಮೊದಲು ಚಿಕ್ಕಮ್ಮ ದೇವದುರ್ಗದಲ್ಲಿ ತನ್ನ ಅಣ್ಣನ, ಅಂದರೆ ನಮ್ಮ ಮಾವನ, ಮನೆಯಲ್ಲಿದ್ದಳು. ಮಾವ ಒಳ್ಳೆಯವನೇ. ಆದರೆ ತಾಳೆಮರದ ಎತ್ತರ, ತಲೆಗೆ ಸದಾ ಟೊಪ್ಪಿಗೆ, ಊಟವೂ ಮೇಜಿನ ಮೇಲೆ. ಅವನ ಅಡುಗೆಮನೆಯ ಕಟ್ಟೆ ಎದೆಮಟ್ಟ. "ಅಲ್ಲಿ ನಾ ಕುಂತಲ್ಲೇ ತಾಟು ಬರ್ತದ. ಒಲಿ ಮಾತ್ರ ಬರಂಗಿಲ್ಲ" ಎಂದು ಚಿಕ್ಕಮ್ಮ ಹಟ ಹಿಡಿದು ಮಾನ್ವಿಗೆ ಬಂದು ಬಾಡಿಗೆ ಮನೆ ಮಾಡಿದಳು. "ಒಂದು ವರ್ಷ ನೋಡ್ತೀನಿ. ಒಬ್ಬಾಕಿನ ಬದುಕಾಕ ಆಗಲಿಲ್ಲಂದ್ರ ಗಾಡಿ ತಂದು ಕರ್ಕೊಂಡು ಹೋಗ್ತೀನಿ" ಎಂದು ಮಾವ ಹೊಸ್ತಿಲಲ್ಲಿ ನಿಂತೇ ಹೇಳಿ ಹೋದ. ಬೂಟು ಬಿಚ್ಚುವ ತಾಪತ್ರಯವೆಂದು ಅವನ ಮಾತೆಲ್ಲ ಹೊಸ್ತಿಲಲ್ಲೇ!

ವರ್ಷ ಮುಗಿಯುತ್ತ ಬಂದಾಗ ಮಸಾಲೆ ಪುಡಿ ಕಂಪನಿಯವನೊಬ್ಬ ಬಂದ. ಅವನ ಜಾಹೀರಾತು ಸಿಕ್ಕರೆ ಮಾವನ ಬಾಯಿ ಮುಚ್ಚಿದಂತೆಯೇ ಎಂದು ನಾನು ಕುಣಿದಾಡಿದೆ. ಅವನು ನಿಂತುಕೊಂಡೇ ಹೇಳಿದ: "ಮೇಡಂ, ಹಿಂದೆ ದುಃಖದ ಸಂಗೀತ ಹಾಕೋಣ. ನಿಮ್ಮ ಕಾಲು ತೋರಿಸೋಣ. ಶುರುವಿನಲ್ಲಿ ನೀವು ಸ್ವಲ್ಪ ಅಳಬೇಕು."

"ಉಳ್ಳಾಗಡ್ಡಿ ಹೆಚ್ಚೋ ಹೊತ್ತಿಗಿ ಬರ್ರಿ, ಬೇಕಾದಷ್ಟು ಅಳ್ತೀನಿ. ಈಗ ರೊಟ್ಟಿ ಬಡಿಯಾಕತ್ತೀನಿ. ರೊಟ್ಟಿ ಬಡಿಯಾಕ ಕಾಲು ಬೇಕೇನ್ರೀ?"

ಅವನು ಹೋದ. ಜಾಹೀರಾತೂ ಹೋಯಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. "ಹಂಗ ಕುಂದ್ರು, ಈಗ ನಿನ್ನ ಮಾರಿ ಚಂದ ಕಾಣ್ತದ" ಎಂದಳು ಪುಣ್ಯಾತ್ಗಿತ್ತಿ!

ಹೇಳಿದ ದಿನಕ್ಕೆ ಸರಿಯಾಗಿ, ಮಟಮಟ ಮಧ್ಯಾಹ್ನ, ತಂಗಿ ಸೋತಿರುತ್ತಾಳೆಂದೇ ನಂಬಿ ಮಾವ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಒಳಗೆ ಚಿಕ್ಕಮ್ಮನ ನೇರಪ್ರಸಾರ ನಡೆದಿತ್ತು. ಅದು ಅವನಿಗೇನು ಗೊತ್ತು? ಮೊದಲ ಸಲ ಹೊಸ್ತಿಲು ದಾಟಿ, ಬೂಟುಗಾಲಲ್ಲೇ ಹಿಟ್ಟಿನ ಪರಾತದ ಪಕ್ಕಕ್ಕೆ ಬಂದು, "ಸಾಕು ನಡಿ, ಸಾಮಾನು ಕಟ್ಟು!" ಎಂದು ಗುಡುಗಿದ.

ಮೊಬೈಲಿನ ಪರದೆಯ ಮೇಲೆ ನೋಡುಗರ ಮಾತುಗಳು ಇರುವೆ ಸಾಲಿನಂತೆ ಏರತೊಡಗಿದವು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಎಂದಿನಂತೆ ಗಟ್ಟಿಯಾಗಿ ಓದಿಬಿಟ್ಟೆ:

"'ಯವ್ವಾ, ಆ ಬೂಟು ಯಾರವು?' 'ಅಡಿಗಿ ಮನ್ಯಾಗ ಬೂಟು ಹಾಕ್ತಾರೇನ್ರೀ?' 'ಆ ಬೂಟಿನವ್ರಿಗೆ ಕುಂದ್ರಾಕ ಹೇಳ್ರಿ, ರೊಟ್ಟಿ ಕೊಡ್ರಿ!' ಇದು ಸಿಂಧನೂರಿನಿಂದ, ಮಾವ. ಇದು ದುಬೈಯಿಂದ."

"ಯಾರಲೇ ಇವ್ರೆಲ್ಲಾ?"

"ನನ್ನ ಮನಿಗಿ ಬಂದವ್ರು. ದಿನಾ ಬರ್ತಾರ" ಎಂದಳು ಚಿಕ್ಕಮ್ಮ, ರೊಟ್ಟಿ ತಿರುವಿ ಹಾಕುತ್ತ. "ಬಾಡಿಗಿ ಕಟ್ಟೋದೂ ಇವ್ರ ಪುಣ್ಯದಾಗ ನಡದದ. ನೀ ಒಬ್ಬಾವ ನಿಂತೀ ನೋಡು."

ಮಾವ ಒಮ್ಮೆ ಮೊಬೈಲು ನೋಡಿದ, ಒಮ್ಮೆ ತನ್ನ ಬೂಟು ನೋಡಿದ. ಆಮೇಲೆ ಬೂಟು ಬಿಚ್ಚಿದ. ಒಂಟೆ ಕೂರುವಂತೆ ಮೂರು ಕಂತಿನಲ್ಲಿ, ಅವಳೆದುರು ನೆಲಕ್ಕೆ ಕೂತ. ಒಲೆಯ ಝಳಕ್ಕೆ ಬೆವರಿ ಟೊಪ್ಪಿಗೆ ತೆಗೆದಿಟ್ಟ.

ಚಿಕ್ಕಮ್ಮನ ರೊಟ್ಟಿ ಬಡಿಯುವ ಕೈ ಗಕ್ಕನೆ ನಿಂತಿತು.

"ಯಣ್ಣಾ... ನೆತ್ತಿ ಮ್ಯಾಲಿನ ಕೂದಲೆಲ್ಲಾ ಯಾವಾಗ ಹೋದ್ವೋ?"

"ಹೋಗಿ ಹತ್ತು ವರ್ಷಾತು ಬೇ."

"ನನಗ್ಯಾಕ ಹೇಳ್ಲಿಲ್ಲ?"

ಮಾವ ತಲೆ ತಗ್ಗಿಸಿದ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಎಟುಕದ ಆ ತಲೆಯನ್ನು ಚಿಕ್ಕಮ್ಮ ಹಿಟ್ಟಿನ ಕೈಯಿಂದಲೇ ಮೆಲ್ಲಗೆ ಸವರಿದಳು. ಬೋಳುನೆತ್ತಿಯ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಮೂಡಿದವು.

ಮಾವ ನಾಲ್ಕು ರೊಟ್ಟಿ ತಿಂದ. ಆಮೇಲೆ ಖಾಲಿ ಗಾಡಿಯಲ್ಲಿ ದೇವದುರ್ಗಕ್ಕೆ ಹೊರಟ. ಟೊಪ್ಪಿಗೆ ಕೈಯಲ್ಲೇ ಇತ್ತು.