ನೆಟ್ಟಗಾಗದ ದಡಿ

ಹೆಂಡತಿ ಮುನಿಸಿಕೊಂಡು ಗಂಗಾವತಿಯ ತವರಿಗೆ ಹೋದ ಮೇಲೆ ಕುಷ್ಟಗಿಯ ನಮ್ಮ ಬಾಡಿಗೆ ಮನೆಯಲ್ಲಿ ಉಳಿದವರು ಇಬ್ಬರೇ: ನಾನು ಮತ್ತು ಆಪ್-ಆಂಪ್ ಎಂಬ ಎಂಟು ಕಾಲಿನ ಪುಟ್ಟ ಐಸಿ ಚಿಪ್. ಅವಳ ಮುನಿಸೂ ಅದರ ಮೇಲೆಯೇ! ಕಾಲೇಜಿನ ಪ್ರದರ್ಶನಕ್ಕೆ ಅದರಿಂದ ಚೌಕಾಕಾರದ ಅಲೆ ಹುಟ್ಟಿಸುವುದು ಫಿಸಿಕ್ಸ್ ಮಾಸ್ತರನಾದ ನನಗೆ ನೀರು ಕುಡಿದಷ್ಟು ಸುಲಭ. ಅದನ್ನು ಮುಗಿಸಿ ಹೆಂಡತಿಯನ್ನು ಕರೆತರುವುದೆಂದು ಘನವಾದ ನಿರ್ಣಯ ಕೈಗೊಂಡೆ.

ಆಸಿಲೋಸ್ಕೋಪಿನ ಪರದೆಯ ಮೇಲೆ ಅಲೆಯೇನೋ ಬಂತು. ಆದರೆ ಗೋಡೆಯಂತೆ ನೆಟ್ಟಗೆ ಏಳಬೇಕಾದ ಅದರ ಅಂಚು ಗುಡ್ಡ ಹತ್ತುವ ಮುದುಕನಂತೆ ಏರುತ್ತಿತ್ತು! ಕೆಪಾಸಿಟರ್ ಬದಲಿಸಿದೆ. ಇಳಿಜಾರು. ತಂತಿ ಕತ್ತರಿಸಿ ಗಿಡ್ಡ ಮಾಡಿದೆ. ಇಳಿಜಾರು! ಬೆಸುಗೆ ಕಿತ್ತು ಮತ್ತೆ ಹಾಕುವಾಗ ಬೆರಳು ಸುಟ್ಟುಕೊಂಡು "ಅಯ್ಯೋ" ಎಂದೆ. "ಏನಾತ್ರಿ?" ಎಂದು ಕೇಳುವವಳಿರಲಿಲ್ಲ. ಅವಳ ನೆನಪು ತುಂಬ ಕಾಡಿತು.

ಮನೆಯೊಡತಿ ಬಸವ್ವ ಸಂಜೆ ರೊಟ್ಟಿ ತಂದರು.

"ಯಾಕ್ರಿ ಮಾಸ್ತರ, ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ?"

ಅಲೆಯ ಅಂಚನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳೋಣವೆಂದು, "ದಡಿ ನೆಟ್ಟಗ ಬರವಲ್ದುರಿ. ಎಷ್ಟ ಮಾಡಿದ್ರೂ ಸೊಟ್ಟ!" ಎಂದೆ. ಇಳಕಲ್ಲಿನ ಮಗ್ಗುಲಿನ ಊರಿದು. ಇಲ್ಲಿ ದಡಿ ಇರುವುದು ಸೀರೆಗೆ ಎಂಬುದು ನನ್ನ ವಿಜ್ಞಾನಿ ತಲೆಗೆ ಹೊಳೆಯಲೇ ಇಲ್ಲ.

"ಅಯ್ಯ ನನ್ನಪ್ಪಾ! ಅಕಿ ಮ್ಯಾಲ ಇಷ್ಟ ಜೀವ ಐತೇನ್ರಿ!" ಎಂದು ಬಸವ್ವ ಕಣ್ಣೊರೆಸಿಕೊಂಡರು. ಆಪ್-ಆಂಪಿನ ಕಷ್ಟಕ್ಕೆ ಮರುಗಿದರೆಂದು ನಾನು ಕೈಮುಗಿದೆ.

ಮರುದಿನ ಅವರು ನೆಂಟರ ಮದುವೆಗೆಂದು ಗಂಗಾವತಿಗೆ ಹೋದರು. ಅದರ ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ನನ್ನ ಹೆಂಡತಿ! ಕೈಯಲ್ಲಿ ಚೀಲ, ಮುಖದ ತುಂಬ ನಗು.

"ಇಳಕಲ್‌ದಾಗ ನನಗ ಸೀರಿ ನೇಯಾಕ ಹಾಕೀರಂತ? ದಡಿ ಸರಿ ಬರಲಿಲ್ಲಂತ ಊಟಾ ಬಿಟ್ಟೀರಂತ? ಬಸವ್ವಾರು ಹೇಳಿದ್ರು. ಎಲ್ಲೈತ್ರಿ?"

ಸುಳ್ಳು ಹೇಳಲು ಅದಕ್ಕಿಂತ ಪ್ರಶಸ್ತವಾದ ಮುಹೂರ್ತವಿರಲಿಲ್ಲ. ಆದರೆ ನಾನು ಸ್ಕೋಪು ಹಚ್ಚಿದೆ!

"ಇದ ನೋಡು ದಡಿ. ತಪ್ಪು ಸಿಕ್ತು! ಉಳಿದದ್ದೆಲ್ಲಾ ಸರಿ ಐತಿ. ಈ ಐಸಿ ಗುಣಾನ ಹಂಗ. ಏಳು ಅಂದ್ರ ಏಳತೈತಿ, ಆದ್ರ ತಡಾ ಮಾಡಿ ಏಳತೈತಿ."

ಅವಳ ನಗು ಆರಿತು. ಚೀಲ ಇನ್ನೂ ಕೈಯಲ್ಲೇ ಇತ್ತು.

"ಖರೆ ಹೇಳ್ರಿ. ನಾ ನಿಮಗ ಬೇಕೋ, ಬ್ಯಾಡೋ?"

ನಾನು ಬಾಯಿ ತೆರೆದೆ. ಮಾತು ಏಳುತ್ತಿತ್ತು, ಏಳುತ್ತಲೇ ಇತ್ತು. ಅಷ್ಟರಲ್ಲಿ ಅವಳು ಓಣಿ ದಾಟಿದ್ದಳು. ಬಸ್ ಸ್ಟ್ಯಾಂಡಿಗೆ ಓಡಿದೆ. ಗಂಗಾವತಿಯ ಬಸ್ಸು ಹೊರಟು, ಅದರ ಧೂಳೂ ಅಡಗಿದ ಮೇಲೆ ನನ್ನ ಗಂಟಲಿನಿಂದ ಉತ್ತರ ಹೊರಬಿತ್ತು.

"ಬೇಕು!"

ಪಕ್ಕದಲ್ಲಿ ಹುರಿದ ಶೇಂಗಾ ಮಾರುವವನು ತಲೆಯೆತ್ತಿದ.

"ಎಷ್ಟ ಬೇಕ್ರೀ, ಸರ?"

ಪೊಟ್ಟಣ ಕಟ್ಟಿಸಿಕೊಂಡು ಒಬ್ಬನೇ ಮನೆಗೆ ಬಂದೆ. ನಿಧಾನವೆಂದು ಆ ಐಸಿಯನ್ನು ಮತ್ತೆಂದೂ ಬಯ್ಯಲಿಲ್ಲ.